ತುಂಗವ್ವನಿಗೆ ನಾನು ಹೊಡೆದ ಗುಂಡು

ನಮ್ಮೂರಲ್ಲಿ ಗುಂಡಿನ ಒಂದು ಏಟಿಗೆ ತಗಲುವ ಖರ್ಚು ಇಷ್ಟು: ಹೊಡೆದವನಿಗೆ ಒಂದು ಪ್ಲಾಸ್ಟಿಕ್ ಕಾಳು, ತಿಂದವನಿಗೆ ಒಂದು ಮಧ್ಯಾಹ್ನ, ಅವನ ಹೆಂಡತಿಗೆ ದುಪ್ಪಟಿ ಹೊತ್ತುಕೊಂಡು ಮಿಲ್ಲಿನ ತನಕ ನಡೆದ ದಣಿವು. ಏಟು ತಿಂದವ ಹಾಲು ಹಾಕುವವನಾದರೆ ಇಡೀ ಓಣಿಗೆ ಸಂಜೆ ಕರಿ ಚಹಾ. ಕ್ಷೌರಿಕನಾದರೆ ಭಾನುವಾರದ ಗಡ್ಡಗಳೆಲ್ಲ ಸೋಮವಾರಕ್ಕೆ. ಆಟದ ಕಮಿಟಿಯ ಚೇರ್ಮನ್ ಏಟು ತಿಂದರೆ ಏನು ಖರ್ಚು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಚೇರ್ಮನ್ ನಾನೇ ಆಗಿದ್ದೆ, ಮತ್ತು ನಾನು ಆವರೆಗೆ ಒಂದೂ ತಿಂದವನಲ್ಲ.

ಆಟ ನಡೆಯುವುದು ಊರ ಹೊರಗೆ, ಹತ್ತಿಯ ಬೀಜ ಬಿಡಿಸುತ್ತಿದ್ದ ಹಳೆಯ ಜಿನ್ನಿಂಗ್ ಮಿಲ್ಲಿನ ಕಂಪೌಂಡಿನಲ್ಲಿ. ಮೇಲಿನ ಓಣಿಯವರು ಒಂದು ಕಡೆ, ಕೆಳಗಿನ ಓಣಿಯವರು ಇನ್ನೊಂದು ಕಡೆ. ಕೈಯಲ್ಲಿ ಗಾಳಿ ತುಂಬಿ ಹೊಡೆಯುವ ಬಂದೂಕು, ಅದರೊಳಗೆ ಜೋಳದ ಕಾಳಿಗಿಂತ ತುಸು ದೊಡ್ಡ ಗುಂಡು. ದೊಡ್ಡ ಊರುಗಳಲ್ಲಿ ಇದಕ್ಕೆ ಏರ್‌ಸಾಫ್ಟ್ ಅನ್ನುತ್ತಾರಂತೆ. ಅಲ್ಲಿ ಗುಂಡು ತಗುಲಿದವ ತಾನಾಗಿಯೇ ಕೈಯೆತ್ತಿ ‘ನಾನು ಸತ್ತೆ’ ಎಂದು ಒಪ್ಪಿಕೊಂಡು ಹೊರಗೆ ಬರಬೇಕಂತೆ. ತಗುಲಿದರೂ ತಗುಲಿಲ್ಲ ಅನ್ನುವವರೇ ಅಲ್ಲಿನ ದೊಡ್ಡ ತಲೆನೋವಂತೆ. ನಮಗೆ ಆ ತಲೆನೋವಿಲ್ಲ. ಮಿಲ್ಲಿನ ಗೇಟಿನೊಳಗೆ ಗುಂಡು ತಗುಲಿದವ ಇದ್ದಲ್ಲೇ ನಿದ್ದೆ ಹೋಗುತ್ತಾನೆ. ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಎದ್ದು ಕೂರುತ್ತಾನೆ. ಗೇಟಿನ ಹೊರಗೆ ಹೊಡೆದರೆ ಮಾತ್ರ ಬರೀ ಉರಿ, ಆಮೇಲೆ ಬೈಗುಳ.

ಇದಕ್ಕೆ ಊರು ಹೊಂದಿಕೊಂಡಿದೆ. ಮಕ್ಕಳಿಗೆ ಹಾಲು ಬಿಡಿಸುವ ತಾಯಂದಿರು, ಪರೀಕ್ಷೆಗೆ ಓದಿ ಕಣ್ಣು ಕೆಂಪಾದವರು, ಅಳಿಯ ಮನೆಗೆ ಬಂದ ದಿನ ಮಾತಾಡಲು ಬೇಸರವಾದ ಮಾವಂದಿರು, ಎಲ್ಲರೂ ಆಟಕ್ಕೆ ಹೆಸರು ಕೊಡುತ್ತಾರೆ. ಹೆಣ್ಣಿನ ಕಡೆಯವರು ಗಂಡು ನೋಡಲು ಭಾನುವಾರ ಮಧ್ಯಾಹ್ನವೇ ಬರುತ್ತಾರೆ. ಮಲಗಿದ ಗಂಡು ಎಷ್ಟು ಗೊರಕೆ ಹೊಡೆಯುತ್ತಾನೆಂದು ಮಿಲ್ಲಿಗೇ ಹೋಗಿ ಕೇಳಿಸಿಕೊಂಡು, ಆಮೇಲೆ ಮಾತುಕತೆಗೆ ಕೂರುತ್ತಾರೆ.

ನಾನು ಪಿಂಜಾರ. ಹೆಸರು ದಾವಲಸಾಬ. ಹತ್ತಿ ಹಿಂಜಿ ಗಾದಿ, ದಿಂಬು ಮಾಡುವುದು ನಮ್ಮ ಮನೆತನದ ಕಸುಬು. ಜನ ಎಲ್ಲೆಂದರಲ್ಲಿ ಬಿದ್ದು ಮಲಗುವ ಊರಿನಲ್ಲಿ ಗಾದಿ ಮಾರುವವನನ್ನೇ ಆಟದ ಸುರಕ್ಷತೆ ನೋಡುವ ಕಮಿಟಿಗೆ ಚೇರ್ಮನ್ ಮಾಡಿದ್ದು ಹೇಗೆ ಎಂದು ನೀವು ಕೇಳಬಹುದು. ಫಕೀರಪ್ಪ ಬಿದ್ದದ್ದರಿಂದ. ಹಾಲಿನ ಫಕೀರಪ್ಪ ಮಿಲ್ಲಿನ ಗೋಡೆ ಏರಿ ನಿಂತು ಗುರಿಯಿಡುತ್ತಿದ್ದಾಗ ಯಾರದೋ ಗುಂಡು ಕಿವಿಗೆ ತಗುಲಿತು. ನಿದ್ದೆ ಮೇಲೆಯೇ ಬಂತು, ನೆಲ ಆಮೇಲೆ ಬಂತು. ಸಂಜೆ ಎಚ್ಚರವಾದಾಗ ಕೈಗೆ ಪ್ಲಾಸ್ಟರ್ ಇತ್ತು. “ಇದ್ಯಾರ ಕೈ ಇಲ್ಲಿಟ್ಟೀರಿ?” ಎಂದು ಕೇಳಿದನಂತೆ. ಆ ವಾರ ಊರವರು ಸೇರಿ, ಬೀಳುವವರ ವಿಚಾರ ಬಲ್ಲವನು ದಾವಲಸಾಬನೇ ಎಂದು ನನ್ನನ್ನು ಕೂರಿಸಿದರು. ನಾನೂ ಬೇಡವೆನ್ನಲಿಲ್ಲ. ಬೇಡವೆನ್ನುವುದು ನನಗೆ ಎಂದೂ ಬಂದದ್ದಲ್ಲ.

ಮೊದಮೊದಲು ನಾನು ಮಾಡಿದ ನಿಯಮಗಳು ಕೆಟ್ಟವೇನಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಗೇಟು ದಾಟುವಂತಿಲ್ಲ. ಗೋಡೆ ಏರುವವ ಕೆಳಗೆ ಗಾದಿ ಹಾಸಿ ಏರಬೇಕು. ಬಂದೂಕಿನ ಜೋರು ನೋಡಲು ಹಪ್ಪಳ: ಹತ್ತು ಹೆಜ್ಜೆ ದೂರದಲ್ಲಿ ಉದ್ದಿನ ಹಪ್ಪಳ ತೂಗುಬಿಟ್ಟು ಹೊಡೆಯಬೇಕು. ಹಪ್ಪಳ ಬಿರಿದರೆ ಬಂದೂಕು ಪಾಸು, ತೂತಾದರೆ ನಪಾಸು. ನಮ್ಮ ಮನೆಯವಳು ಚಾಂದಬಿ ಭಾನುವಾರ ಬೆಳಿಗ್ಗೆ ಹಪ್ಪಳದ ಡಬ್ಬಿಯೊಂದಿಗೆ ಗೇಟಿನಲ್ಲಿ ಕೂರುತ್ತಿದ್ದಳು. ಪಾಸಾದ ಚೂರುಗಳನ್ನು ಕರಿದು ಮಾರುತ್ತಿದ್ದಳು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಆದರೆ ನಿಯಮ ಮಾಡುವುದು ಒಗ್ಗರಣೆ ಹಾಕಿದಂತೆ, ಕೈಗೆ ರೂಢಿಯಾದರೆ ಪಾಯಸಕ್ಕೂ ಹಾಕಬೇಕೆನಿಸುತ್ತದೆ. ತೋಳಿನಳತೆಗಿಂತ ಹತ್ತಿರ ಬಂದವನಿಗೆ ಹೊಡೆಯಬಾರದು, ‘ಮಲಗಪ್ಪಾ’ ಎಂದು ಹೇಳಬೇಕು, ಅವನು ಮರ್ಯಾದೆಯಿಂದ ಮಲಗಬೇಕು ಎಂದು ಮಾಡಿದೆ. ಹಾಗೆ ಮಲಗಿದವರಿಗೆ ನಿದ್ದೆ ಬರುತ್ತಿರಲಿಲ್ಲ. ಅವರು ಮಲಗಿದಲ್ಲೇ ಬೀಡಿ ಹಚ್ಚಿ, ಯಾರು ಎಲ್ಲಿ ಅಡಗಿದ್ದಾರೆಂದು ಹೇಳಿಕೊಡುತ್ತಿದ್ದರು. ಅರವತ್ತು ದಾಟಿದವರು ಆಡಬಾರದು ಎಂದು ಮಾಡಿದೆ. ಕೊನೆಗೆ ಕೋಟು. ಬೂರುಗದ ಹತ್ತಿ ತುಂಬಿ, ದಿಂಬಿನಷ್ಟು ದಪ್ಪಗೆ, ಕುತ್ತಿಗೆಯಿಂದ ಮೊಣಕಾಲಿನ ತನಕ ಹೊಲಿದ ಕೋಟು. ಎಲ್ಲರೂ ಹಾಕಲೇಬೇಕು. ಹೊಲಿದವನು ಯಾರೆಂದು ಬೇರೆ ಹೇಳಬೇಕಿಲ್ಲ.

ಕೋಟು ಬಂದ ಮೇಲೆ ಆಟದಲ್ಲಿ ಯಾರಿಗೂ ನೋವಾಗಲಿಲ್ಲ. ಯಾರಿಗೂ ನಿದ್ದೆಯೂ ಬರಲಿಲ್ಲ. ಗುಂಡು ಕೋಟಿಗೆ ಬಡಿದು, ಮುದುಕಿಯ ಮುತ್ತಿನಂತೆ ಮೆತ್ತಗೆ ಕೆಳಗೆ ಬೀಳುತ್ತಿತ್ತು. ಎರಡೂ ಓಣಿಯವರು ತುಂಬಿದ ಗೋಣಿಚೀಲಗಳಂತೆ ಬಿಸಿಲಲ್ಲಿ ಓಡಾಡಿ, ಬೆವರಿ, ಕತ್ತಲಾದ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತ ಮನೆಗೆ ಹೋಗಿ ಹೆಂಡಿರೊಂದಿಗೆ ಜಗಳ ತೆಗೆಯುತ್ತಿದ್ದರು.

ಇದನ್ನು ಎದುರಿಸಿ ಮಾತಾಡಿದವನು ಸೈಕಲ್ ಅಂಗಡಿಯ ಯಮನಪ್ಪ. ಊರಿನ ಬಂದೂಕುಗಳ ರಿಪೇರಿಯೆಲ್ಲ ಅವನದೇ. ಆಟ ಅಂದರೆ ನಿಜವಾದ ಕಾಳಗದಂತೆ ಇರಬೇಕು ಎಂಬುದು ಅವನ ಹಟ. ಸತ್ತವರು ಗೊರಕೆ ಹೊಡೆಯುವುದೂ ಅವನಿಗೆ ಒಪ್ಪಿಗೆಯಿರಲಿಲ್ಲ.

“ದಾವಲಣ್ಣಾ,” ಎಂದ ಅವನು ಕಮಿಟಿಯ ಸಭೆಯಲ್ಲಿ, “ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ ಹಿರ್‍ಯಾರು. ನೀ ಊರಿನ ಕಾಲು ನೋಡಿ ಹಾಸಿಗಿ ಮಾರಾಕತ್ತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಚೇರ್ಮನ್ ನಗದಿದ್ದರೆ ಮಾತು ನಿಜವೆಂದು ಅರ್ಥವಾಗುತ್ತದೆ.

“ಯಮನಪ್ಪಾ, ನಾಳೆ ಯಾರದರ ಹಲ್ಲು ಮುರದ್ರ ನೀ ಕಟ್ಟಿಸಿ ಕೊಡ್ತೀಯೇನು?”

“ಹಲ್ಲು ಮುರೀಬಾರದು ಅಂದ್ರ ಮೂತಿ ಮುಚ್ಚಿಕೊಳ್ಳಲಿ. ಎದಿಗೆ ಯಾಕ ಗಾದಿ? ಗುಂಡು ತಗುಲಿದ್ದು ಗೊತ್ತಾಗಬೇಕೋ ಬ್ಯಾಡೋ? ಚುರ್ ಅನ್ನದಿದ್ರ ಅದು ಗುಂಡಲ್ಲ, ಸಾಬೂದಾಣಿ.”

“ಚುರ್ ಅಂದದ್ದು ಜಾಸ್ತಿ ಆದ್ರ?”

“ಜಾಸ್ತಿ ಆಗಬಾರದು ಅಂತ ಹಪ್ಪಳಾ ಐತಲ್ಲ. ಅದು ನೀನು ಮಾಡಿದ್ದರಾಗ ಒಂದ ಒಳ್ಳೇದು. ಅದನ್ನೂ ನಿನ್ನ ಹೇಣ್ತಿ ಮಾಡಿದ್ದು.”

ಸಭೆ ಅಷ್ಟಕ್ಕೇ ಮುರಿಯಿತು. ಕೋಟು ಉಳಿಯಿತು. ನಾನು ಗೆದ್ದೆನೆಂದುಕೊಂಡು ಮನೆಗೆ ಬಂದೆ. ಮನೆ ಮುಂದಿನ ನಮ್ಮ ಗಾದಿ ಅಂಗಡಿಯ ಮೆಟ್ಟಿಲ ಮೇಲೆ ತುಂಗವ್ವ ಕೂತಿದ್ದಳು.

ತುಂಗವ್ವ ನಮ್ಮೂರ ಸೂಲಗಿತ್ತಿ. ಈಗ ಊರಲ್ಲಿ ಓಡಾಡುವ ಮುಕ್ಕಾಲು ಪಾಲು ಜನ ಮೊದಲು ಬಿದ್ದದ್ದು ಅವಳ ಕೈಗೆ. ಹಿಂದಿನ ವರ್ಷ ಊರಿಗೆ ಹೆರಿಗೆ ಆಸ್ಪತ್ರೆ ಬಂತು, ಒಳ್ಳೆಯದೇ ಆಯಿತು, ಅವಳೇ ಮುಂದೆ ನಿಂತು ಬಸುರಿಯರನ್ನು ಅಲ್ಲಿಗೆ ಕಳಿಸಿದಳು. ಆಮೇಲೆ ಅವಳ ಬಾಗಿಲು ಬಡಿಯುವವರು ಯಾರೂ ಇಲ್ಲವಾದರು. ಮೆಟ್ಟಿಲ ಮೇಲೆ ಕೂತವಳ ಕಣ್ಣಿನ ಕೆಳಗೆ ಎರಡು ಕಪ್ಪು ಬಟ್ಟಲು ಇಟ್ಟಂತಿತ್ತು.

“ದಾವಲ್ಯಾ, ನನ್ನ ಹೆಸರು ಆಟಕ್ಕ ಬರಕೋ.”

“ಯಾಕ ಯವ್ವಾ? ಈ ವಯಸ್ಸಿನ್ಯಾಗ ಯುದ್ಧ ಮಾಡ್ತೀಯೇನು?”

“ಯುದ್ಧ ಯಾರಿಗೆ ಬೇಕಾಗೈತಿ? ನನಗ ನಿದ್ದಿ ಬೇಕು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಬಾಗಲಾ ಬಡಿಯೂದು ನಿಂತೈತಿ, ಕಿವಿ ಕಾಯೂದು ನಿಂತಿಲ್ಲ. ನಾಯಿ ಕೆರಕೊಂಡ್ರೂ ಏಳ್ತೀನಿ. ಕದಾ ತಗದು ನೋಡ್ತೀನಿ. ಯಾರೂ ಇರೂದಿಲ್ಲ. ಡಾಕ್ಟರ್ ಗುಳಿಗಿ ಕೊಟ್ರು, ಗುಳಿಗಿ ನುಂಗಿ ತೂಕಡಿಸಿಕೋತ ಬಾಗಲಾ ಕಾಯಾಕತ್ತೀನಿ. ಒಂದು ಗುಂಡು ಹೊಡಸು, ಪುಣ್ಯಾ ಬರ್ತೈತಿ.”

ಅರವತ್ತರ ನಿಯಮ ಹೇಳಿದೆ. ಮಿಲ್ಲಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇನೆ, ಅಳಿಸಲು ಬರುವುದಿಲ್ಲ ಎಂದೆ.

“ನನ್ನ ವಯಸ್ಸು ನಿನಗೇನು ಗೊತ್ತು? ನಿನ್ನ ವಯಸ್ಸು ನನಗ ಗೊತ್ತೈತಿ. ನೀ ಹುಟ್ಟಿದಾಗ ಅಳಲಿಲ್ಲ. ಹೊರಗ ಏನೈತೋ ಏನೋ ಅಂತ ಅಂಜಿ ಸುಮ್ಮನ ಬಿದ್ದಿದ್ದಿ. ಕುಂಡಿ ಮ್ಯಾಲ ಒಂದು ಬಿಟ್ಟೆ, ಆವಾಗ ಅತ್ತಿ.”

ಒಳಗೆ ಚಾಂದಬಿ ನಕ್ಕದ್ದು ಕೇಳಿಸಿತು. ಕೊನೆಗೆ ನಾನು ನಡುವಿನ ದಾರಿ ಹಿಡಿದೆ. ಚೇರ್ಮನ್ ಆದವನು ಹಿಡಿಯುವುದು ಅದನ್ನೇ: ಎರಡೂ ಕಡೆಯವರಿಗೆ ಉಪಯೋಗವಿಲ್ಲದ ದಾರಿ. ತುಂಗವ್ವ ಆಡಬಹುದು, ಆದರೆ ಕೋಟು ಹಾಕಬೇಕು. ಅವಳಿಗೆಂದೇ ಒಂದು ಹೊಸ ಕೋಟು ಹೊಲಿದೆ. ಪ್ರೀತಿಯಿಂದ ಒಂದು ಪದರ ಹೆಚ್ಚು ಹತ್ತಿ ತುಂಬಿದೆ.

ಭಾನುವಾರ ಮಿಲ್ಲಿಗೆ ಜಾತ್ರೆಯಷ್ಟು ಜನ ಬಂದಿದ್ದರು. ತುಂಗವ್ವ ಕನ್ನಡಕ ಹಾಕಿ, ಕೋಟು ತೊಟ್ಟು, ಬಂದೂಕು ಬೇಡವೆಂದು ಬರಿಗೈಲಿ ಅಂಗಳದ ನಡುವೆ ಹೋಗಿ ನಿಂತಳು. ಎರಡೂ ಓಣಿಯವರು ಮರೆಯಿಂದ ಅವಳ ಕೋಟಿಗೆ ಹೊಡೆದರು. ಅದು ಹೊಡೆತವಲ್ಲ, ಆರತಿ. ನನ್ನನ್ನು ಹುಟ್ಟಿಸಿದವಳಿಗೆ ಒಂದು, ನನ್ನ ಮಕ್ಕಳನ್ನು ಹುಟ್ಟಿಸಿದವಳಿಗೆ ಇನ್ನೊಂದು ಎಂಬಂತೆ ಹೊಡೆದರು. ಗುಂಡುಗಳು ಅವಳ ಕಾಲ ಬಳಿ ಅಕ್ಷತೆಯಂತೆ ಬಿದ್ದವು. ಅವಳು ಕಣ್ಣು ಮುಚ್ಚಿ ನಿಂತೇ ಇದ್ದಳು. ಬಹಳ ಹೊತ್ತು ನಿಂತಳು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಆ ನೋಟ ಚೆನ್ನಾಗಿರಲಿಲ್ಲ. ಹಾಲೆಂದು ಬರೀ ನೀರು ಕುಡಿಸಿದ ಮಗು ನೋಡಿದ ಹಾಗಿತ್ತು.

“ಒಂದೂ ಮುಟ್ಟಲಿಲ್ಲಲ್ಲೋ,” ಎಂದಳು.

ಕೋಟಿನ ಗುಂಡಿ ಬಿಚ್ಚಿ, ತೋಳು ಎಳೆದು, ಅದನ್ನು ಮಡಚಿ ನೆಲದ ಮೇಲಿಟ್ಟಳು. ಒಳಗೆ ಹಳೆಯ ಇಳಕಲ್ ಸೀರೆ, ಬಡಕಲು ತೋಳು. ಕೋಟಿಲ್ಲದ ತುಂಗವ್ವ ಎಷ್ಟು ಸಣ್ಣವಳಾಗಿದ್ದಾಳೆಂದು ಊರಿಗೆ ಅಂದೇ ಗೊತ್ತಾದದ್ದು.

ಬಂದೂಕುಗಳೆಲ್ಲ ಕೆಳಗಿಳಿದವು.

“ಹೊಡೀರೋ,” ಎಂದಳು ಅವಳು.

ಯಾರೂ ಹೊಡೆಯಲಿಲ್ಲ. ನಾನು ಯಮನಪ್ಪನ ಕಡೆ ನೋಡಿದೆ. ನಿಜವಾದ ಕಾಳಗ ಬೇಕೆಂದು ವರ್ಷವಿಡೀ ಕೂಗಿದವನು ಬಂದೂಕಿನ ಹಿಡಿಯ ಮೇಲಿನ ಧೂಳು ಒರೆಸುತ್ತಿದ್ದ.

“ಯಮನಪ್ಪಾ, ನೀನರ ಹೊಡೀಪಾ,” ಎಂದಳು ತುಂಗವ್ವ.

“ನನ್ನ ಕೈಲೆ ಆಗೂದಿಲ್ಲ ಯವ್ವಾ. ನಾ ಹುಟ್ಟಿದಾಗ ನನ್ನ ಹಿಡದಾಕಿ ನೀ.”

“ಹಿಡದಾಗ ನೀ ನನ್ನ ಮ್ಯಾಲೆ ಉಚ್ಚೀ ಹೊಯ್ದಿ. ಅದಕ್ಕ ನಾ ಏನರ ಅಂದೆನೇನು? ಹೊಡಿ.”

ಅವನು ಬಂದೂಕನ್ನು ನೆಲಕ್ಕಿಟ್ಟ. ಕೆಳಗಿನ ಓಣಿಯವರು ಮೇಲಿನ ಓಣಿಯವರ ಕಡೆ ನೋಡಿದರು, ಅವರು ಇವರ ಕಡೆ. ಆಮೇಲೆ ಎರಡೂ ಓಣಿಯವರು, ಹುಟ್ಟಿದಾಗಿನಿಂದ ಒಂದು ಮಾತಿಗೂ ಒಪ್ಪದವರು, ಒಟ್ಟಿಗೆ ನನ್ನ ಕಡೆ ನೋಡಿದರು.

“ಚೇರ್ಮನ್ ಹೊಡೀಲಿ,” ಎಂದ ಫಕೀರಪ್ಪ. “ಸುರಕ್ಷಿತ ಅಂದ್ರ ಚೇರ್ಮನ್ನೇ.”

ನಾನು ಬಂದೂಕು ಹಿಡಿದವನಲ್ಲ. ನನ್ನ ಆಯುಧ ಹತ್ತಿ ಹಿಂಜುವ ಬಿಲ್ಲು, ಅದರಿಂದ ಇದುವರೆಗೆ ಯಾರೂ ಸತ್ತಿಲ್ಲ, ಸೀನಿದ್ದಾರೆ ಅಷ್ಟೆ. ಆದರೂ ಚೇರ್ಮನ್ನನಿಗೆ ತಕ್ಕಂತೆ ನಡೆದುಕೊಂಡೆ. ಇದ್ದ ಬಂದೂಕುಗಳಲ್ಲಿ ಎಲ್ಲಕ್ಕಿಂತ ಮೆತ್ತಗಿನದನ್ನು ಆರಿಸಿದೆ. ಹಪ್ಪಳಕ್ಕೆ ಹೊಡೆದು ನೋಡಿದೆ. ಹಪ್ಪಳ ಅಲುಗಾಡಿತು, ಬಿರಿಯಲಿಲ್ಲ. ಸಮಾಧಾನವಾಯಿತು. ತುಂಗವ್ವನ ಬೆನ್ನ ಹಿಂದೆ ಎರಡು ಗಾದಿ ಹಾಸಿಸಿದೆ. ನನ್ನ ಕೋಟಿನ ಗುಂಡಿಗಳನ್ನೂ ಹಾಕಿಕೊಂಡೆ. ಯಾಕೆಂದು ಕೇಳಬೇಡಿ, ಎದುರಿಗಿದ್ದವಳು ಬರಿಗೈಲಿದ್ದಳು. ಹತ್ತು ಹೆಜ್ಜೆ ಅಳೆದು ನಿಂತು, ಅವಳ ಮೊಣಕಾಲಿನ ಕೆಳಗೆ ಗುರಿಯಿಟ್ಟು, ಬಿಸ್ಮಿಲ್ಲಾ ಅಂದು ಬಂದೂಕಿನ ಕುದುರೆ ಎಳೆದೆ.

ಗುಂಡು ಅರ್ಧ ದಾರಿಯಲ್ಲಿ ಬಿತ್ತು.

“ನಮ್ಮ ಚೇರ್ಮನ್ ನೆಲಕ್ಕ ನಿದ್ದಿ ಹಚ್ಚಿದ,” ಎಂದರು ಯಾರೋ.

ಎರಡನೆಯದು ಎಲ್ಲಿ ಹೋಯಿತೋ ಇಂದಿಗೂ ಸಿಕ್ಕಿಲ್ಲ. ಮೂರನೆಯದು ಹಪ್ಪಳದ ಡಬ್ಬಿಗೆ ಟಣ್ ಎಂದಿತು. ಚಾಂದಬಿ ಡಬ್ಬಿ ತೆಗೆದು ಮಡಿಲಿಗೆ ಹಾಕಿಕೊಂಡು, ಗೇಟಿನ ಹೊರಗೆ ಹೋಗಿ ಕೂತಳು. ಪ್ರತಿ ಏಟಿಗೂ ತುಂಗವ್ವ ನಾಲ್ಕು ನಾಲ್ಕು ಹೆಜ್ಜೆ ನನ್ನ ಕಡೆ ಬರುತ್ತಿದ್ದಳು. ನಾನು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಕೊನೆಗೆ ಬೆನ್ನಿಗೆ ಮಿಲ್ಲಿನ ಗೋಡೆ ಸಿಕ್ಕಿತು, ನನ್ನ ನಿಯಮಗಳನ್ನು ಬರೆಸಿದ ಗೋಡೆ. ಅವಳು ತೋಳಿನಳತೆಯ ಒಳಗೆ ಬಂದು ನಿಂತಿದ್ದಳು.

“ಇಷ್ಟು ಹತ್ರ ಹೊಡೀಬಾರದು ಯವ್ವಾ,” ಎಂದೆ. “ಮಲಗು ಅಂತ ಹೇಳಬೇಕು, ನೀ ಮಲಗಬೇಕು. ಅದು ನಿಯಮ.”

“ಮಲಗು ಅಂದ್ರ ನಿದ್ದಿ ಬರೂಹಂಗಿದ್ರ ನಿನ್ನ ಹತ್ರ ಯಾಕ ಬರ್ತಿದ್ದೆ?” ಅವಳ ದನಿ ಮೆತ್ತಗಿತ್ತು. “ನಿನ್ನ ಮಗಳು ಕಾಲು ಮುಂದ ಮಾಡಿ ಬಂದಾಗ ನೀ ಹೊರಗ ಕಟ್ಟಿ ಮ್ಯಾಲೆ ಕೂತು ಅಳತಿದ್ದಿ. ಒಳಗ ಚಾಂದಬಿ ಚೀರತಿದ್ಲು. ನೋವಾಗ್ತೈತಿ ಅಂತ ನಾ ಕೈ ಹಾಕದ ಬಿಟ್ಟಿದ್ರ ಏನಾಗ್ತಿತ್ತು? ನೋವು ಮಾಡೂದು ಬ್ಯಾರೆ, ಕೆಡಕು ಮಾಡೂದು ಬ್ಯಾರೆ. ಇಷ್ಟೂ ತಿಳೀದ ಚೇರ್ಮನ್ ಆದೀಯೇನು?”

ಅವಳು ಬಲಗೈ ಚಾಚಿ, ಅಂಗೈ ಮೇಲೆ ಮಾಡಿ, ಬಂದೂಕಿನ ಬಾಯಿಯ ಮುಂದೆ ಹಿಡಿದಳು. ಊರಿನ ಮುಕ್ಕಾಲು ಪಾಲನ್ನು ಹಿಡಿದ ಅಂಗೈ. ನಾನು ಕಣ್ಣು ಮುಚ್ಚಿ ಹೊಡೆದೆ.

“ಹಾ,” ಎಂದಳು, ಸಾರಿಗೆ ಉಪ್ಪು ಸರಿಯಾಗಿದೆ ಅನ್ನುವ ಹಾಗೆ. ನಾನು ಕಣ್ಣು ತೆರೆಯುವಷ್ಟರಲ್ಲಿ ಅವಳು ವಾಲುತ್ತಿದ್ದಳು. ಗಾದಿಗಳು ಹತ್ತಾರು ಹೆಜ್ಜೆ ಆಚೆ, ನಾನು ಹಾಸಿಸಿದ ಜಾಗದಲ್ಲಿ, ಅಚ್ಚುಕಟ್ಟಾಗಿ ಬಿದ್ದಿದ್ದವು. ಅವಳು ಬಿದ್ದದ್ದು ನನ್ನ ಮೇಲೆ. ಕೋಟಿನ ದಪ್ಪ ಹತ್ತಿಗೆ ತಲೆಯಿಟ್ಟು ನಿದ್ದೆ ಹೋದಳು. ಆ ಕೋಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಎತ್ತಿ ಗಾದಿಯ ಮೇಲೆ ಮಲಗಿಸಿದೆವು. ಚಾಂದಬಿ ಬಂದು ದುಪ್ಪಟಿ ಹೊದಿಸಿದಳು. ಅಂಗೈ ನಡುವೆ ಗುಂಡು ತಗುಲಿದ ಕಡೆ ಕುಂಕುಮದಷ್ಟು ಕೆಂಪಗಾಗಿತ್ತು. ಆಟ ಮುಂದುವರಿಯಲಿಲ್ಲ. ಎಲ್ಲರೂ ದೀಪ ಹಚ್ಚುವ ಹೊತ್ತನ್ನು ಕಾಯುತ್ತ ಸುತ್ತ ಕೂತರು.

ಊರಲ್ಲಿ ದೀಪ ಹತ್ತಿದವು. ತುಂಗವ್ವ ಏಳಲಿಲ್ಲ.

ಹಾಗೆ ಎಂದೂ ಆದದ್ದಿಲ್ಲ. ದೀಪ ಹತ್ತಿದ ಮೇಲೂ ಮಲಗಿದವರನ್ನು ಊರು ಕಂಡಿರಲಿಲ್ಲ. ಯಮನಪ್ಪ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡಿದ, “ಉಸಿರೈತಿ,” ಎಂದ, ಮತ್ತೆ ಇಟ್ಟ. ಊರಿನಲ್ಲಿ ಯಾರಿಗೂ ಗೀರು ಬೀಳಬಾರದೆಂದು ಗೋಡೆ ತುಂಬ ಬರೆಸಿದವನು, ಊರಿಗೆಲ್ಲ ತಾಯಿಯಾದವಳನ್ನು ತೋಳಿನಳತೆಯ ಒಳಗೆ ನಿಂತು ಹೊಡೆದಿದ್ದೆ. ಆಸ್ಪತ್ರೆಯ ನರ್ಸಮ್ಮನನ್ನು ಕರೆಸಿದೆವು. ಅವಳು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಇದು ಬರೀ ನಿದ್ದಿರೀ. ಬಾಕಿ ಬಹಳ ಇತ್ತು ಅಂತ ಕಾಣಸ್ತೈತಿ, ಮಲಗಲಿ ಬಿಡ್ರಿ,” ಎಂದು ಹೋದಳು. ಆದರೂ ಯಾರೂ ಮನೆಗೆ ಹೋಗಲಿಲ್ಲ. ನಾಯಿ ಬೊಗಳಿದರೆ ಅದನ್ನು ಓಡಿಸಲು ನಾಲ್ಕು ಜನ ಏಳುತ್ತಿದ್ದರು. ಗೇಟು ಕಿರ್ ಅನ್ನದಂತೆ ಯಮನಪ್ಪ ತಿರುಗಣಿಗೆ ಎಣ್ಣೆ ಬಿಟ್ಟ. ಅವಳು ಇಷ್ಟು ವರ್ಷ ಊರಿನ ಬಾಗಿಲಿಗೆ ಕಿವಿಯಿಟ್ಟಿದ್ದಳು. ಅಂದು ಊರು ಅವಳ ಗೊರಕೆಗೆ ಕಿವಿಯಿಟ್ಟು ಕೂತಿತ್ತು. ಸತ್ತವರು ಗೊರಕೆ ಹೊಡೆಯಬಾರದು ಎಂದು ಯಮನಪ್ಪ ಅನ್ನಲಿಲ್ಲ.

ಬೆಳಗಿನ ಬಿಸಿಲು ಮಿಲ್ಲಿನ ಚಿಮಣಿಯಿಂದ ಇಳಿದು ಗಾದಿಯ ಅಂಚಿಗೆ ಬಂದಾಗ ತುಂಗವ್ವ ಕಣ್ಣು ತೆರೆದಳು. ಸುತ್ತ ಕೂತ ಊರನ್ನು ನೋಡಿದಳು.

“ಯಾರರ ಬಾಗಲಾ ಬಡದ್ರೇನು?”

“ಇಲ್ಲ ಯವ್ವಾ,” ಎಂದೆ. “ಯಾರೂ ಬಡೀಲಿಲ್ಲ.”

“ಹಂಗಾರ ಬಿಸಲಿಗೆ ಅಡ್ಡ ಕೂಡು,” ಎಂದು ಮಗ್ಗುಲು ತಿರುಗಿ ಮತ್ತೆ ಮಲಗಿದಳು. ಈ ಸಲ ಗುಂಡಿಲ್ಲದೆ.

ಮರುವಾರ ಗೋಡೆಯ ಅರ್ಧಕ್ಕೆ ಸುಣ್ಣ ಬಳಿದೆವು. ಕನ್ನಡಕ, ಗೋಡೆಯ ಕೆಳಗಿನ ಗಾದಿ, ಹಪ್ಪಳ ಉಳಿದವು. ಕೋಟು, ಅರವತ್ತರ ಗೆರೆ ಹೋದವು. ಹತ್ತಿರದವನಿಗೆ ಹೊಡೆಯಬಾರದು ಎಂಬುದು ಉಳಿಯಿತು, ಆದರೆ ಅವನಾಗಿಯೇ ಅಂಗೈ ಚಾಚಿದರೆ ಹೊಡೆಯಬಹುದು ಎಂದು ಯಮನಪ್ಪ ಸೇರಿಸಿದ. ಈಗ ಚೇರ್ಮನ್ ಅವನು. ಹಪ್ಪಳವನ್ನು ಎರಡೆರಡು ಸಲ ತೂಗುಬಿಡಿಸುತ್ತಾನೆ, ನನಗಿಂತ ಹೆಚ್ಚು ಅಂಜುತ್ತಾನೆ. ನಾನು ಈಗ ಕೆಳಗಿನ ಓಣಿಯ ಕಡೆಯಿಂದ ಆಡುತ್ತೇನೆ. ಆಟ ಶುರುವಾದ ಕೂಡಲೇ ಏಟು ತಿಂದು ಮಲಗುವವರಲ್ಲಿ ನಾನೇ ಮೊದಲಿಗ. ಚೇರ್ಮನ್ ಅಲ್ಲದವನು ಏಟು ತಿಂದರೆ ಯಾರಿಗೂ ಏನೂ ಖರ್ಚಿಲ್ಲ. ಚಾಂದಬಿ ದುಪ್ಪಟಿಯನ್ನೂ ತರುವುದಿಲ್ಲ.

ನಾನು ಕಳೆದುಕೊಂಡದ್ದು ಕುರ್ಚಿ, ಮತ್ತು ಬಿಚ್ಚಿ ದಿಂಬು ಮಾಡಬೇಕಾಗಿ ಬಂದ ಅಷ್ಟೂ ಕೋಟು. ತುಂಗವ್ವ ಈಗ ತನ್ನ ಮನೆಯಲ್ಲೇ, ಆ ದಿಂಬುಗಳಲ್ಲೊಂದರ ಮೇಲೆ, ಕದಕ್ಕೆ ಅಗಳಿ ಹಾಕಿ ಮಲಗುತ್ತಾಳೆ.